ಎಂಸಿಬಿ ಇಳಿಸಿದರೂ ಬೀಳುತ್ತಿದ್ದ ಆರ್‌ಸಿಸಿಬಿ: ಕೊನೆಗೂ ಫಾಲ್ಟು ಸಿಕ್ಕಿತು

ಕೆಲಸದ ಕೋಣೆಗೆ ಹಾಕಿದ ಹೊಸ ಡಿಬಿಯ (ಎಲ್ಲ ಸರ್ಕ್ಯೂಟಿಗೂ ಕರೆಂಟು ಹಂಚುವ ಬೋರ್ಡು) 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಬಿದ್ದು ಸಪ್ಲೈ ಕಡಿಯುವ ಸ್ವಿಚ್) ಈಗ ಗಟ್ಟಿಯಾಗಿ ನಿಂತಿದೆ. ಪೈಪು ಕೂರಿಸಿದ್ದು, ವೈರು ಎಳೆದದ್ದು, ಲೇಬಲ್ ಅಂಟಿಸಿದ್ದು ಎಲ್ಲ ನಿಮಗೆ ಗೊತ್ತಿರುವುದೇ, ಅದನ್ನು ಬಿಡುತ್ತೇನೆ. ತಲೆ ತಿಂದದ್ದು ಒಂದೇ ಫಾಲ್ಟು.

ಇಸ್ತ್ರಿ ಪೆಟ್ಟಿಗೆ ಆನ್ ಮಾಡಿದ ಕೂಡಲೇ ಟ್ರಿಪ್. ಪೆಟ್ಟಿಗೆಗೆ ಮೆಗ್ಗರಿನಲ್ಲಿ (ಇನ್ಸುಲೇಶನ್ ಪರೀಕ್ಷಿಸುವ ಮೀಟರ್) 500 ವೋಲ್ಟ್ ಕೊಟ್ಟು ನೋಡಿದರೆ ಇನ್ಸುಲೇಶನ್ ಚೊಕ್ಕ. ಅದರ ಸರ್ಕ್ಯೂಟೂ ಚೊಕ್ಕ. ಉಳಿದ ಸರ್ಕ್ಯೂಟುಗಳ ಎಂಸಿಬಿಗಳನ್ನೆಲ್ಲ (ಲೋಡ್ ಮಿತಿಮೀರಿದರೆ ಬೀಳುವ ಸ್ವಿಚ್) ಇಳಿಸಿ ಪೆಟ್ಟಿಗೆ ಒಂದನ್ನೇ ಹಚ್ಚಿದರೂ ಟ್ರಿಪ್. ಸಾಲದ್ದಕ್ಕೆ ಕೆಲವು ಸಂಜೆ ಏನೂ ಹಚ್ಚದೆ ಇದ್ದಾಗಲೂ ಬೀಳುತ್ತಿತ್ತು.

ಆರ್‌ಸಿಸಿಬಿಯೇ ಕೆಟ್ಟಿರಬಹುದೆಂದು ಇನ್ನೊಂದು ತರಿಸಿದೆ. ಕೇಳಿದ್ದು ಎ ಟೈಪ್. ಡಬ್ಬಿಯ ಮೇಲೂ ಎ ಎಂದೇ ಇತ್ತು. ಒಳಗಿನ ವಸ್ತುವಿನ ಮುಖದ ಮೇಲೆ ಬರೀ ಒಂದು ಸೈನ್ ಅಲೆ, ಅಂದರೆ ಎಸಿ ಟೈಪ್. ಎ ಟೈಪಿನಲ್ಲಿ ಆ ಅಲೆಯ ಕೆಳಗೆ ಅರ್ಧ ಅಲೆಗಳ ಗುರುತೂ ಇರಬೇಕು. ಕೇಳಿದರೆ ಮಾರಿದವರು, ‘ಎರಡೂ 30 ಮಿಲಿಆಂಪಿಯರೇ ಅಲ್ವಾ ಸರ್’ ಎಂದರು. ಅಲ್ಲ! ಈಗಿನ ಬಹಳಷ್ಟು ಯಂತ್ರಗಳ ಒಳಗೆ ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ಭಾಗ) ಇರುತ್ತದೆ. ಅಲ್ಲಿಂದ ಸೋರುವ ಅರ್ಧ ಅಲೆಯ ಕರೆಂಟಿಗೆ ಎಸಿ ಟೈಪ್ ಟ್ರಿಪ್ ಆಗುತ್ತದೆಂಬ ಖಾತರಿಯೇ ಇಲ್ಲ. ಜೀವ ಕಾಯುವ ವಸ್ತುವಿನ ಡಬ್ಬಿ ಮೇಲೆ ಸುಳ್ಳು ಬರೆಯುವುದು ನನಗೆ ಸಹಿಸಲಾಗದ ವಿಷಯ. ವಾಪಸ್ ಕಳಿಸಿದೆ.

ಹಳೆಯದನ್ನೇ ಇಟ್ಟುಕೊಂಡು ಯೋಚಿಸುತ್ತ ಕೂತಾಗ ಹೊಳೆಯಿತು: ಸಿಂಗಲ್ ಪೋಲ್ ಎಂಸಿಬಿ ಕಡಿಯುವುದು ಫೇಸನ್ನು ಮಾತ್ರ. ಎಲ್ಲ ಸರ್ಕ್ಯೂಟಿನ ನ್ಯೂಟ್ರಲ್‌ಗಳೂ ನ್ಯೂಟ್ರಲ್ ಲಿಂಕಿನಲ್ಲಿ (ಡಿಬಿಯೊಳಗಿನ ಲೋಹದ ಪಟ್ಟಿ) ಕೂಡಿಯೇ ಇರುತ್ತವೆ. ಎಂಸಿಬಿ ಇಳಿಸಿದ ಸರ್ಕ್ಯೂಟಿನಲ್ಲೂ ನ್ಯೂಟ್ರಲ್ ಎಲ್ಲೋ ಅರ್ಥಿಂಗಿಗೆ ತಾಗಿದ್ದರೆ? ಪೆಟ್ಟಿಗೆಯ ಕರೆಂಟು ಫೇಸಿನಿಂದ ಪೂರ್ತಿ ಬರುತ್ತದೆ, ಮರಳುವಾಗ ಒಂದು ಪಾಲು ಅರ್ಥಿಂಗಿನ ದಾರಿ ಹಿಡಿಯುತ್ತದೆ. ಆರ್‌ಸಿಸಿಬಿಯ ಒಳಗಿನ ಉಂಗುರದ ಕೋರಿಗೆ ಬೇಕಾದದ್ದು ಆ ವ್ಯತ್ಯಾಸವಷ್ಟೇ.

ಲೆಕ್ಕ ಹಾಕಿ ನೋಡಿ. 230 ವೋಲ್ಟಿಗೆ 1,000 ವ್ಯಾಟ್ ಪೆಟ್ಟಿಗೆ ಎಂದರೆ ಸುಮಾರು 4.3 ಆಂಪಿಯರ್. ನ್ಯೂಟ್ರಲ್ ದಾರಿಯ ರೆಸಿಸ್ಟೆನ್ಸ್ 0.3 ಓಮ್ ಇದ್ದರೆ ಅದರ ಮೇಲೆ 1.3 ವೋಲ್ಟ್ ಬೀಳುತ್ತದೆ. ಅರ್ಥಿಂಗ್ ದಾರಿ 20 ಓಮ್ ಎಂದಿಟ್ಟುಕೊಂಡರೂ ಅದರಲ್ಲಿ 65 ಮಿಲಿಆಂಪಿಯರ್ ಹರಿಯುತ್ತದೆ. ಟ್ರಿಪ್ ಆಗದೆ ಏನಾದೀತು! ಸಂಜೆಯ ಒಗಟೂ ಇಲ್ಲೇ ಬಿಡಿಸಿಕೊಂಡಿತು. ಸಂಜೆ ಲೈನಿನಲ್ಲಿ ಲೋಡ್ ಏರಿದಾಗ ಹೊರಗಿನ ನ್ಯೂಟ್ರಲ್ಲೇ ಒಂದೆರಡು ವೋಲ್ಟ್ ಎದ್ದು ನಿಲ್ಲುತ್ತದೆ, ಮನೆಯಲ್ಲಿ ಏನೂ ಹಚ್ಚಬೇಕೆಂದಿಲ್ಲ.

ಇದನ್ನು ಖಚಿತ ಮಾಡಿಕೊಟ್ಟದ್ದು ಲೀಕೇಜ್ ಕ್ಲಾಂಪ್ ಮೀಟರ್. ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕ್ಲಾಂಪಿನೊಳಗೆ ಹಿಡಿದೆ; ಹಾಗೆ ಹಿಡಿದರೆ ಎರಡರ ವ್ಯತ್ಯಾಸ, ಅಂದರೆ ಸೋರಿಕೆ ಮಾತ್ರ ಕಾಣುತ್ತದೆ. ಕಂಪ್ಯೂಟರಿನ ಫಿಲ್ಟರಿನಿಂದ ಸದಾ ಸೋರುವ 3 ಮಿಲಿಆಂಪಿಯರ್ ಕಂಡಿತು. ಬೇರೆ ಸರ್ಕ್ಯೂಟಿನಲ್ಲಿ 100 ವ್ಯಾಟಿನ ಒಂದು ಫಿಲಮೆಂಟ್ ಬಲ್ಬು ಹಚ್ಚಿದರೆ 7, ಎರಡು ಹಚ್ಚಿದರೆ 13, ಮೂರನೆಯದಕ್ಕೆ 20ರ ಹತ್ತಿರ ಹೋಗಿ ಟ್ರಿಪ್. (ಮೊದಲಿನ 3 ಫಿಲ್ಟರಿನ ಕೆಪಾಸಿಟರಿನದು, ಅದರ ಅಲೆ 90 ಡಿಗ್ರಿ ಮುಂದಿರುವುದರಿಂದ ಬಲ್ಬಿನ ಪಾಲಿಗೆ ನೇರವಾಗಿ ಕೂಡುವುದಿಲ್ಲ. 30ರ ಆರ್‌ಸಿಸಿಬಿ 15ರವರೆಗೆ ಬೀಳಬಾರದು, 30ಕ್ಕೆ ಬೀಳಲೇಬೇಕು. ನಡುವೆ ಎಲ್ಲಿ ಬಿದ್ದರೂ ಸರಿಯೇ.) ಬೇರೆಡೆಯ ಲೋಡಿನ ಜೊತೆ ಸೋರಿಕೆಯೂ ಏರುತ್ತಿದೆ ಎಂದರೆ ಮೊದಲ ಅನುಮಾನ ನ್ಯೂಟ್ರಲ್ ಮೇಲೆಯೇ ಹೋಗಬೇಕು.

ಮೇನ್ ಇಳಿಸಿ, ಸಪ್ಲೈ ಇಲ್ಲವೆಂದು ಮೀಟರಿನಲ್ಲಿ ನೋಡಿಕೊಂಡು, ಲಿಂಕಿನಿಂದ ನ್ಯೂಟ್ರಲ್‌ಗಳನ್ನು ಒಂದೊಂದಾಗಿ ಬಿಚ್ಚಿ ಅರ್ಥಿಂಗಿಗೆ ಅಳೆದೆ. ಬೆಂಚಿನ ಸಾಕೆಟ್ ಸರ್ಕ್ಯೂಟ್ ಬೀಪ್ ಎಂದಿತು, ಅಂದರೆ ಅದರ ನ್ಯೂಟ್ರಲ್ ಅರ್ಥಿಂಗಿಗೆ ತಾಗಿದೆ. ಆದರೆ ಸಾಕೆಟಿನ ಪ್ಲೇಟ್ ಬಿಚ್ಚಿ ನೋಡಿದರೆ ಎಲ್ಲ ಸರಿ, ಬೀಪೂ ಇಲ್ಲ! ಮುಚ್ಚಿದರೆ ಫಾಲ್ಟು, ತೆರೆದರೆ ಮಾಯ. ಸಿಟ್ಟು ನೆತ್ತಿಗೇರಿತ್ತು. ಆಮೇಲೆ ಮೀಟರನ್ನು ಡಿಬಿಯಲ್ಲೇ ಕಂಟಿನ್ಯುಟಿಗೆ ಇಟ್ಟು, ಪ್ಲೇಟ್ ತೆಗೆಯದೆ, ಸ್ಕ್ರೂಗಳನ್ನು ಅರ್ಧರ್ಧ ಸುತ್ತು ಸಡಿಲಿಸುತ್ತ ಬಂದೆ. ಒಂದು ಸಾಕೆಟಿನ ಎಡಗಡೆ ಸ್ಕ್ರೂ ಸಡಿಲವಾದಾಗ ಬೀಪ್ ನಿಂತಿತು, ಬಿಗಿದರೆ ಮತ್ತೆ ಬೀಪ್. ಆ ಸ್ಕ್ರೂ ಉದ್ದವಾಗಿತ್ತು. ಅದರ ತುದಿ ಮೆಟಲ್ ಬಾಕ್ಸಿನೊಳಗೆ ಹಿಂಬದಿಯಲ್ಲಿ ಮಡಚಿ ಕೂತಿದ್ದ ನ್ಯೂಟ್ರಲ್ ವೈರಿನ ಇನ್ಸುಲೇಶನ್ ಸೀಳಿ ತಾಮ್ರಕ್ಕೆ ತಾಗಿತ್ತು. ಬಾಕ್ಸಿಗೆ ಅರ್ಥಿಂಗ್ ಇದೆ. ಪ್ಲೇಟ್ ಮುಂದೆಳೆದಾಗ ತುದಿ ದೂರ ಸರಿಯುತ್ತಿತ್ತು, ಅಷ್ಟೇ.

ಇಷ್ಟು ದಿನವೂ ಟೆಸ್ಟ್ ಬಟನ್ ಸರಿಯಾಗಿಯೇ ಕೆಲಸ ಮಾಡುತ್ತಿತ್ತು. ಅದು ಒಳಗಿನ ರೆಸಿಸ್ಟರ್ ಮೂಲಕ ಕೋರನ್ನು ತಪ್ಪಿಸಿ ಕರೆಂಟು ಹರಿಸುತ್ತದೆ. ಯಾಂತ್ರಿಕ ಭಾಗ ಬೀಳುತ್ತದೆಯೇ ಎಂಬುದನ್ನು ತೋರಿಸುತ್ತದೆಯೇ ಹೊರತು ವೈರಿಂಗ್ ಬಗ್ಗೆ, ಅರ್ಥಿಂಗ್ ಇದೆಯೇ ಇಲ್ಲವೇ ಎಂಬುದರ ಬಗ್ಗೆ ಏನನ್ನೂ ಹೇಳುವುದಿಲ್ಲ.

ಮಧ್ಯೆ ಒಂದು ಆಸೆ ಹುಟ್ಟಿದೆ. ಫೇಸ್, ನ್ಯೂಟ್ರಲ್ ಎರಡೂ ಹಾಯುವಂತೆ ಒಂದು ನ್ಯಾನೋಕ್ರಿಸ್ಟಲೈನ್ ಕೋರ್, ಅದರ ಮೇಲೆ ಸಾವಿರ ಸುತ್ತು (ಸೆಕೆಂಡರಿ), ಅಲ್ಲಿನ ಕರೆಂಟನ್ನು ವೋಲ್ಟ್ ಆಗಿಸುವ ಬರ್ಡನ್ ರೆಸಿಸ್ಟರ್, ಅದನ್ನು ಹಿಗ್ಗಿಸುವ ಆಪ್ ಆಂಪ್, ಓದಿ ಬರೆದಿಡಲು ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಚಿಪ್. ದಿನವಿಡೀ ಸೋರಿಕೆಯ ಗ್ರಾಫ್ ಬರೆಯುವ ಪೆಟ್ಟಿಗೆ! ಸಂಜೆಯ ಟ್ರಿಪ್‌ಗಳ ಕಾರಣ ಅದರಲ್ಲಿ ಮೊದಲೇ ಕಾಣುತ್ತಿತ್ತು. 3 ಮಿಲಿಆಂಪಿಯರಿಗೆ ಸೆಕೆಂಡರಿಯಲ್ಲಿ ಬರುವುದು 3 ಮೈಕ್ರೋಆಂಪಿಯರ್. ಅಷ್ಟು ಸಣ್ಣ ಸಿಗ್ನಲ್ಲಿನಲ್ಲಿ ನಾಯ್ಸ್ ಹೇಗೆ ತಡೆಯುವುದು ಎಂಬ ಬಗ್ಗೆ ಅನುಭವ ಇದ್ದವರು ಹೇಳಿ.

ವೈರಿನ ಗಾಯವಾದ ಭಾಗ ಕತ್ತರಿಸಿ, ಗಿಡ್ಡ ಸ್ಕ್ರೂ ಹಾಕಿ, ಸಾಕೆಟಿನಿಂದ ಎಲ್ಲ ಪ್ಲಗ್ ಕಿತ್ತು ಮತ್ತೆ 500 ವೋಲ್ಟ್ ಕೊಟ್ಟೆ: 200 ಮೆಗಾಓಮ್‌ಗೂ ಮೇಲೆ. ಇಸ್ತ್ರಿ ಪೆಟ್ಟಿಗೆ, ಡ್ರಿಲ್, ಬಲ್ಬುಗಳು ಒಟ್ಟಿಗೆ ಓಡಿದರೂ ಕ್ಲಾಂಪಿನಲ್ಲಿ ಅದೇ 3. ಮುಂದೆ ಸರ್ಕ್ಯೂಟಿಗೊಂದರಂತೆ ಆರ್‌ಸಿಬಿಒ (ಆರ್‌ಸಿಸಿಬಿ, ಎಂಸಿಬಿ ಎರಡೂ ಸೇರಿದ ಒಂದೇ ಸ್ವಿಚ್) ಹಾಕುವ ಯೋಚನೆ ಇದೆ. ಅದಕ್ಕೆ ಪ್ರತಿ ಸರ್ಕ್ಯೂಟಿನ ನ್ಯೂಟ್ರಲ್ ಬೇರೆಬೇರೆಯಾಗಿಯೇ ಇರಬೇಕು. ಮೆಟ್ಟಿಲಿನ ಟೂ ವೇ ದೀಪಕ್ಕೆ ಹಿಂದಿನವರು ಪಕ್ಕದ ಸರ್ಕ್ಯೂಟಿನ ನ್ಯೂಟ್ರಲ್ ಕೊಟ್ಟಂತೆ ಕಾಣುತ್ತಿದೆ, ಮೊದಲು ಅದನ್ನು ಬಿಡಿಸಬೇಕು.