ಕೌಲಿಂಗ್ ಒಳಗಿನ ವೈರಿಂಗ್: ಬಿಚ್ಚಿ ಮತ್ತೆ ಕಟ್ಟಿದ್ದು

ಮೂರನೇ ಸಲ ನೆಲದ ಮೇಲೆ ನನ್ನ ವಿಮಾನದ ಎಂಜಿನ್ ಓಡಿಸಿ, ಕೌಲಿಂಗ್ (ಎಂಜಿನ್ ಮುಚ್ಚುವ ಕವಚ) ತೆಗೆದು ಟಾರ್ಚ್ ಹಿಡಿದು ನೋಡಿದೆ. ಎಡ ಮ್ಯಾಗ್ನೆಟೊದ (ಸ್ಪಾರ್ಕ್ ಪ್ಲಗ್ಗಿಗೆ ಕಿಡಿ ಕೊಡುವ ಯಂತ್ರ) ಪಿ-ಲೀಡ್, ಅಂದರೆ ಅದರಿಂದ ಸ್ವಿಚ್ಚಿಗೆ ಹೋಗುವ ವೈರ್, ಎಂಜಿನ್ ಮೌಂಟಿನ (ಎಂಜಿನನ್ನು ಹೊತ್ತ ಉಕ್ಕಿನ ಚೌಕಟ್ಟು) ಪೈಪನ್ನು ದಾಟುವಲ್ಲಿ ಪೇಂಟ್ ಹೋಗಿ ಉಕ್ಕು ಹೊಳೆಯುತ್ತಿತ್ತು. ಉಗುರಿನಷ್ಟು ಜಾಗ, ಅಷ್ಟೇ. ವೈರಿನ ಹೊದಿಕೆ ತೂತಾಗಿರಲಿಲ್ಲ, ಆದರೆ ಒಂದು ಮಗ್ಗುಲು ಸವೆದು ಚಪ್ಪಟೆಯಾಗಿತ್ತು. ಎಂಜಿನ್ ಅಲ್ಲಿಯವರೆಗೆ ಓಡಿದ್ದು ಒಟ್ಟು 40 ನಿಮಿಷ.

ಎದೆ ಧಸಕ್ಕೆಂದಿತು. ಮ್ಯಾಗ್ನೆಟೊ ನಿಲ್ಲುವುದೇ ಈ ವೈರ್ ಗ್ರೌಂಡಿಗೆ, ಅಂದರೆ ವಿಮಾನದ ಲೋಹದ ಮೈಗೆ, ಸೇರಿದಾಗ. ಹೊದಿಕೆ, ಅದರೊಳಗಿನ ಲೋಹದ ಜಾಲರಿ (ಶೀಲ್ಡ್) ಎರಡೂ ಸವೆದು ಒಳಗಿನ ತಾಮ್ರ ಮೌಂಟಿಗೆ ತಾಗಿದರೆ ಹಾರುತ್ತಿರುವಾಗಲೇ ಆ ಮ್ಯಾಗ್ನೆಟೊ ಕೆಲಸ ನಿಲ್ಲಿಸುತ್ತದೆ. ಪೂರ್ತಿ ತುಂಡಾದರೆ ಅದಕ್ಕಿಂತ ಕೆಟ್ಟದ್ದು: ಸ್ವಿಚ್ ಆಫ್ ಮಾಡಿದ್ದರೂ ಮ್ಯಾಗ್ನೆಟೊ ಜೀವಂತ. ಪ್ರೊಪೆಲ್ಲರನ್ನು ಸುಮ್ಮನೆ ಕೈಯಲ್ಲಿ ತಿರುಗಿಸಿದರೂ ಎಂಜಿನ್ ತಟ್ಟನೆ ಸ್ಟಾರ್ಟ್ ಆಗಿ, ತಿರುಗಿಸಿದವರಿಗೇ ಅದು ಬಡಿಯಬಹುದು.

ತಪ್ಪು ನನ್ನದೇ. ಎರಡು ಆಧಾರಗಳ ನಡುವೆ ವೈರನ್ನು ಮೆಲ್ಲಗೆ ಒತ್ತಿದರೆ ಸಾಮಾನ್ಯವಾಗಿ ಅರ್ಧ ಇಂಚಿಗಿಂತ ಹೆಚ್ಚು ಜೋಲಬಾರದು ಎಂದು ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎಯ ಎಸಿ 43.13-1ಬಿ ಕೈಪಿಡಿ ಹೇಳುತ್ತದೆ. ಅದನ್ನೇ ಎಲ್ಲ ಕಡೆಗೂ ಹಚ್ಚಿ ಬಿಗಿಯಾಗಿ ಕಟ್ಟಿದ್ದೆ. ಎರಡು ತುದಿಯೂ ಒಟ್ಟಿಗೆ ಅಲುಗುವ ಕಡೆ ಅದು ಸರಿ. ಇಲ್ಲಿ ಹಾಗಲ್ಲ. ಎಂಜಿನ್ ಕೂತಿರುವುದು ರಬ್ಬರ್ ಮೇಲೆ; ಸ್ಟಾರ್ಟ್ ಆಗುವಾಗ, ನಿಲ್ಲುವಾಗ ಅದು ಜೋರಾಗಿ ಓಲಾಡುತ್ತದೆ, ಮೌಂಟ್ ಮಾತ್ರ ಅಲ್ಲೇ ಇರುತ್ತದೆ. ಈಗ ಎಂಜಿನ್ ಮೇಲೊಂದು, ಮೌಂಟ್ ಮೇಲೊಂದು ಮೆತ್ತೆಯಿರುವ ಕ್ಲ್ಯಾಂಪ್ ಹಾಕಿ, ನಡುವೆ ಯಾವುದಕ್ಕೂ ತಾಗದಂತೆ ವೈರನ್ನು ಸಡಿಲವಾಗಿ ಬಾಗಿಸಿ ಬಿಟ್ಟಿದ್ದೇನೆ. ಕೈಯಿಂದ ಎಂಜಿನನ್ನು ಅಲ್ಲಾಡಿಸಿ, ಎಲ್ಲೂ ತಾಗುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡೆ.

ಮೌಂಟ್ ಪೈಪಿಗೆ ನೇರವಾಗಿ ಬಿಗಿದಿದ್ದ ನೈಲಾನ್ ಟೈಗಳನ್ನೆಲ್ಲ ಕತ್ತರಿಸಿ ತೆಗೆದೆ. ಅವುಗಳ ಅಡಿ ಸೇರುವ ಧೂಳು ಉಪ್ಪುಕಾಗದದ ಹಾಗೆ ಪೈಪನ್ನೇ ತಿನ್ನುತ್ತದೆ. ಸಾಮಾನ್ಯ ನೈಲಾನ್ ತಡೆಯುವುದೂ 85 ಡಿಗ್ರಿ ಸೆಲ್ಸಿಯಸ್ ಆಸುಪಾಸು ಮಾತ್ರ. ವೈರಿನ ಕಟ್ಟುಗಳಿಗೆ ಈಗ ಮೇಣ ಹಚ್ಚಿದ ದಾರ. ನಿಧಾನದ ಕೆಲಸ, ಆದರೆ ಚೂಪು ತುದಿ ಎಲ್ಲೂ ಉಳಿಯುವುದಿಲ್ಲ.

ಬಿಸಿಯ ವಿಷಯದಲ್ಲಿ ಅಂದಾಜು ಬಿಟ್ಟು ಅಳೆದೆ. ಒಂದೊಂದು ಮಟ್ಟದ ಬಿಸಿಗೆ ಒಂದೊಂದು ಚೌಕ ಕಪ್ಪಾಗುವ ಸ್ಟಿಕ್ಕರನ್ನು ನಾಲ್ಕು ಕಡೆ ಅಂಟಿಸಿದ್ದೆ. ಎಕ್ಸಾಸ್ಟ್ ಪೈಪಿನ ಹತ್ತಿರದ್ದರಲ್ಲಿ ಎಂಜಿನ್ ನಿಲ್ಲಿಸಿದ ಕೂಡಲೇ ನೋಡಿದಾಗ 110 ಡಿಗ್ರಿಯ ಚೌಕದವರೆಗೆ ಕಪ್ಪು. 20 ನಿಮಿಷ ಬಿಟ್ಟು ನೋಡಿದರೆ 121ರದೂ ಕಪ್ಪಾಗಿತ್ತು. ಗಾಳಿ ನಿಂತ ಮೇಲೆ ಕೌಲಿಂಗ್ ಒಳಗೆ ಬಿಸಿ ಏರುತ್ತದೆ ಎಂದು ಓದಿದ್ದೆ, ಕಣ್ಣಾರೆ ಕಂಡಿದ್ದು ಈಗಲೇ. ನನ್ನ ಟೆಫ್‌ಜೆಲ್ (ಬಿಸಿ ತಡೆಯುವ ಒಂದು ಪ್ಲಾಸ್ಟಿಕ್) ಹೊದಿಕೆಯ ವೈರ್ 150 ಡಿಗ್ರಿ ತಡೆಯುತ್ತದೆ. ಅಲ್ಲಿ 105 ಡಿಗ್ರಿಯ ಪಿವಿಸಿ ವೈರ್ ಇದ್ದಿದ್ದರೆ ಮಿತಿ ಮೀರಿಹೋಗುತ್ತಿತ್ತು. ವೈರನ್ನು ಎರಡು ಇಂಚು ದೂರ ಸರಿಸಿ, ಎಕ್ಸಾಸ್ಟ್ ಪೈಪಿನಿಂದ ಸ್ವಲ್ಪ ಅಂತರ ಬಿಟ್ಟು ಸ್ಟೇನ್‌ಲೆಸ್ ತಗಡಿನ ಮರೆ ಕಟ್ಟಿದೆ. ಮತ್ತೆ ಅಷ್ಟೇ ಹೊತ್ತು ಓಡಿಸಿದಾಗ ಹೊಸ ಸ್ಟಿಕ್ಕರ್ 93ಕ್ಕೆ ನಿಂತಿತು.

ಎಕ್ಸಾಸ್ಟ್ ಪೈಪಿಗೇ ಶಾಖನಿರೋಧಕ ಪಟ್ಟಿ ಸುತ್ತುವ ಯೋಚನೆ ಬಂದಿತ್ತು, ಬಿಟ್ಟೆ. ಹಾಗೆ ಸುತ್ತಿದರೆ ಬಿಸಿಯೂ ತೇವವೂ ಒಳಗೇ ಉಳಿದು ಪೈಪ್ ಬೇಗ ಬಿರುಕು ಬಿಡುತ್ತದೆ. 260 ಡಿಗ್ರಿ ತಡೆಯುವ ಸಿಲಿಕೋನ್ ಲೇಪಿತ ಗಾಜಿನ ನಾರಿನ ಸ್ಲೀವನ್ನೂ ದೂರ ಸರಿಸಲು ಜಾಗವೇ ಇಲ್ಲದ ಎರಡು ಕಡೆ ಮಾತ್ರ ಹಾಕಿದ್ದೇನೆ. ಮೊದಲ ಸಲ ಎಲ್ಲ ವೈರಿಗೂ ತೊಡಿಸಿಬಿಡಬೇಕೆಂದಿದ್ದೆ. ಹಾಗೆ ಮಾಡಿದ್ದರೆ ಪಿ-ಲೀಡಿನ ಆ ಸವೆತ ಸ್ಲೀವಿನ ಅಡಿಯಲ್ಲೇ ಉಳಿದು ನನಗೆ ಕಾಣುತ್ತಲೇ ಇರಲಿಲ್ಲ.

ಎಂಜಿನ್ ಮತ್ತು ಕಾಕ್‌ಪಿಟ್ ನಡುವಿನ ಬೆಂಕಿ ತಡೆಯುವ ಗೋಡೆ, ಅಂದರೆ ಫೈರ್‌ವಾಲ್ ದಾಟುವಲ್ಲಿ ರಬ್ಬರ್ ಗ್ರೋಮೆಟ್ (ತೂತಿನ ಅಂಚಿಗೆ ಕೂರಿಸುವ ಬಳೆ) ಬದಲು ಸ್ಟೇನ್‌ಲೆಸ್ ಕೊಳವೆ ಕೂರಿಸಿ, ಸುತ್ತ ಬೆಂಕಿ ತಡೆಯುವ ಸೀಲೆಂಟ್ ತುಂಬಿದ್ದಾಯಿತು. ಪೆಟ್ರೋಲ್ ಹೋಸಿನ ಕೆಳಗೆ ಹೋಗಿದ್ದ ಒಂದು ಕಟ್ಟನ್ನೂ ಮೇಲಕ್ಕೆ ತಂದೆ.

ಆಲ್ಟರ್ನೇಟರಿನ ದಪ್ಪ ವೈರಿಗೆ ಸರಿಯಾದ ಅಳತೆಯ ಕ್ಲ್ಯಾಂಪ್ ಇನ್ನೂ ಬರಬೇಕು. ಇರುವ ಕ್ಲ್ಯಾಂಪ್ ಒಂದು ಅಳತೆ ದೊಡ್ಡದು, ವೈರ್ ಒಳಗೆ ಜಾರುತ್ತದೆ. ಅದು ಬರುವವರೆಗೆ ಎಂಜಿನ್ ಸ್ಟಾರ್ಟ್ ಮಾಡುವುದಿಲ್ಲ, ಬ್ಯಾಟರಿ ಬಿಚ್ಚಿಟ್ಟಿದ್ದೇನೆ.