ನೆಲ ಮುಚ್ಚುವ ಗಿಡ: ಎಷ್ಟು ದೂರಕ್ಕೊಂದು?

ನೂರು ಚದರ ಅಡಿಗೆ ಎಷ್ಟು ಸಸಿ ಬೇಕು ಎಂಬುದು ಅಂತರದ ಲೆಕ್ಕ. ಅಡಿಗೊಂದರಂತೆ ನೆಟ್ಟರೆ ಸುಮಾರು 115, ಒಂಬತ್ತು ಇಂಚಿಗೊಂದಾದರೆ 205, ಆರು ಇಂಚಿಗೊಂದಾದರೆ 460. ಅಂತರ ಅರ್ಧವಾದರೆ ಸಸಿ ನಾಲ್ಕು ಪಟ್ಟು! ಒಂದು ಸಾಲಿನ ಎರಡು ಗಿಡಗಳ ನಡುವಿನ ಜಾಗಕ್ಕೆ ಎದುರಾಗಿ ಮುಂದಿನ ಸಾಲಿನ ಗಿಡ ಬರುವಂತೆ ನೆಡುವ ತ್ರಿಕೋನ ಪದ್ಧತಿಯ ಲೆಕ್ಕ ಇದು. ಗಿಡದಿಂದ ಗಿಡಕ್ಕೆ 12 ಇಂಚು ಇದ್ದರೆ ಸಾಲಿನಿಂದ ಸಾಲಿಗೆ ಹತ್ತೂವರೆ ಇಂಚು ಸಾಕು. ಅಂಚಿನಿಂದ ಅರ್ಧ ಅಂತರ ಒಳಗೆ ಮೊದಲ ಸಾಲು ಹಿಡಿಯಿರಿ.

ಬೇಗ ಹಬ್ಬುವ ಪಿಂಟೋ ಶೇಂಗಾಕ್ಕೆ ಒಂಬತ್ತು ಇಂಚಿನಿಂದ ಒಂದು ಅಡಿ. ತೇವ ಇರುವ ಅರೆನೆರಳಿನಲ್ಲಿ ಒಂದೆಲಗಕ್ಕೂ ಅಷ್ಟೇ. ಮೊಂಡೋ ಹುಲ್ಲು ನಿಧಾನದ್ದು, ನಾಲ್ಕರಿಂದ ಆರು ಇಂಚು ಬೇಕೇ ಬೇಕು. ದೂರ ನೆಟ್ಟರೆ ವರ್ಷ ಕಳೆದರೂ ಮಣ್ಣು ಕಾಣುತ್ತಲೇ ಇರುತ್ತದೆ. ಟೇಬಲ್ ರೋಸ್ ಕಡೂರು, ಅರಸೀಕೆರೆ ಕಡೆಯ ಬಿಸಿಲಿಗೆ ಸರಿ, ಮೂಡಿಗೆರೆಯ ಮಳೆಗೆ ಕೊಳೆಯುತ್ತದೆ. ಹಳದಿ ಹೂವಿನ ವೆಡೇಲಿಯಾ ಪುಕ್ಕಟೆ ಸಿಕ್ಕರೂ ಬೇಡ. ಅದು ಬೇಲಿ ದಾಟಿ ಹಳ್ಳದ ದಂಡೆ ಹಿಡಿದರೆ ಕಿತ್ತು ಮುಗಿಸಲಾಗದು.

ಅಂತರಕ್ಕಿಂತ ಹೆಚ್ಚು ತೋಟ ಕೆಡಿಸುವುದು ಜೇಕು, ಗರಿಕೆ. ನೆಡುವ ಮೊದಲೇ ಆರು ಇಂಚು ಅಗೆದು ಜೇಕಿನ ಗೆಡ್ಡೆಗಳನ್ನು ಕೈಯಲ್ಲೇ ಆರಿಸಿ ತೆಗೆಯಬೇಕು. ನೀರು ಹಾಯಿಸಿ ಎರಡು ಮೂರು ವಾರ ಬಿಟ್ಟರೆ ಉಳಿದವು ಚಿಗುರುತ್ತವೆ. ಆಗ ಇನ್ನೊಂದು ಸಲ ಅಗೆಯಿರಿ. ಗುದ್ದಲಿಯಲ್ಲಿ ಕೊಚ್ಚಿ ಅಲ್ಲೇ ಬಿಟ್ಟ ಗರಿಕೆಯ ಒಂದೊಂದು ಗೆಣ್ಣೂ ಹೊಸ ಗಿಡ. ಗಿಡ ಹಬ್ಬಿದ ಮೇಲೆ ಇವನ್ನು ಬಿಡಿಸುವುದು ಆಗದ ಮಾತು. ಕೊಟ್ಟಿಗೆ ಗೊಬ್ಬರ ಒಂದು ಇಂಚು ಹರಡಿ. ನೂರು ಚದರ ಅಡಿಗೆ ಎಂಟು ಘನ ಅಡಿಗಿಂತ ತುಸು ಹೆಚ್ಚು ಬೇಕಾಗುತ್ತದೆ. ಚೆನ್ನಾಗಿ ಕಳಿಯದ ಗೊಬ್ಬರದ ಜೊತೆ ಕಳೆಬೀಜವೂ ಬರುತ್ತದೆ.

ಸಕಲೇಶಪುರ, ಕೊಪ್ಪದಂಥ ಕಡೆ ಜುಲೈನ ಜಡಿಮಳೆಯಲ್ಲಿ ನೆಟ್ಟದ್ದು ಮಣ್ಣಿನ ಸಮೇತ ಹರಿದು ಹೋಗುತ್ತದೆ. ಮೇ ಕೊನೆಯಲ್ಲಿ ನೆಟ್ಟು ಬೇರು ಹಿಡಿಸಿ, ಇಲ್ಲವೇ ಸೆಪ್ಟೆಂಬರಿಗೆ ಕಾಯಿರಿ. ಬಯಲುಸೀಮೆಯ ಕಡೆ ಜೂನ್, ಜುಲೈ ಒಳ್ಳೆಯದು. ಇಳಿಜಾರಿದ್ದರೆ ಮಳೆಗೆ ಮುಂಚೆ ಪೂರ್ತಿ ನೆಲ ಅಗೆದು ಸಡಿಲ ಮಾಡಬೇಡಿ. ಇಳಿಜಾರಿಗೆ ಅಡ್ಡವಾಗಿ ಸಾಲು ಹಿಡಿದು, ಪ್ರತಿ ಗುಣಿಯ ಕೆಳಬದಿಗೆ ಮಣ್ಣಿನ ಸಣ್ಣ ಕಟ್ಟೆ ಒತ್ತಿ, ಅಡಿ ಅಂತರದ ಗಿಡವನ್ನು ಒಂಬತ್ತು ಇಂಚಿಗೆ ತನ್ನಿ.

ಕವರಿನ ಸಸಿ ಕವರಿನಲ್ಲಿದ್ದ ಮಟ್ಟಕ್ಕೇ ಕೂರಲಿ, ಆಳಕ್ಕಿಳಿದರೆ ಬುಡ ಕೊಳೆಯುತ್ತದೆ. ಬಳ್ಳಿಯ ತುಂಡು ನೆಡುವುದಾದರೆ ಅದು ನಾಲ್ಕರಿಂದ ಆರು ಇಂಚು ಇರಲಿ, ಕೆಳಗಿನ ಎಲೆ ತೆಗೆದು ಎರಡು ಗೆಣ್ಣು ಮಣ್ಣೊಳಗೆ ಹೋಗಲಿ. ತರಗೆಲೆ ಹೊದಿಸುವುದಾದರೆ ತೆಳ್ಳಗೆ, ಪುಡಿ ಮಾಡಿ. ದಪ್ಪ ಹೊದಿಕೆ ಕಳೆ ತಡೆಯುತ್ತದೆ ನಿಜ, ಆದರೆ ಹಬ್ಬುವ ಬಳ್ಳಿಯ ಗೆಣ್ಣು ಮಣ್ಣಿಗೆ ತಾಗದೆ ಬೇರು ಬಿಡುವುದಿಲ್ಲ.

ಗೋಡೆಯಿಂದ ಒಂದೂವರೆ ಅಡಿ, ಮರದ ಬುಡದಿಂದ ಒಂದು ಅಡಿ ಬಿಡಿ. ದಟ್ಟ ಹಸಿರಿನೊಳಗೆ ಬಸವನ ಹುಳುವಿನಿಂದ ಹಿಡಿದು ಹಾವಿನ ತನಕ ಏನಿದ್ದರೂ ಕಾಣುವುದಿಲ್ಲ. ಮೊದಲ ಮೂರು ತಿಂಗಳು ಹದಿನೈದು ದಿನಕ್ಕೊಮ್ಮೆ ಕೈಯಲ್ಲೇ ಕಳೆ ಕೀಳಿ, ಸತ್ತ ಕಡೆಗೆ ದಟ್ಟ ಇರುವಲ್ಲಿಂದ ಬೇರು ಬಿಟ್ಟ ಬಳ್ಳಿ ಕತ್ತರಿಸಿ ನೆಡಿ.