ಕೊಟ್ಟಿಗೆಯ ಬೆಳಕು

ಡಚ್ ಕಲಾವಿದ ಹಾಂಟ್‌ಹಾರ್ಸ್ಟ್ 1622ರಲ್ಲಿ ಬರೆದ ಯೇಸುವಿನ ಜನನದ ಚಿತ್ರವನ್ನು ನಿನ್ನೆ ರಾತ್ರಿ ಮತ್ತೆ ನೋಡಿದೆ. ಹೊರಗೆ ತೀರ್ಥಹಳ್ಳಿಯ ಮಳೆ. ರಾತ್ರಿಯ ದೃಶ್ಯಗಳಿಗೆ ಹೆಸರಾದ ಈ ಗೆರಾರ್ಡ್ ಹಾಂಟ್‌ಹಾರ್ಸ್ಟ್ ಅವರನ್ನು ಇಟಲಿಯವರು 'ರಾತ್ರಿಗಳ ಗೆರಾರ್ಡೊ' ಅಂತ ಕರೆಯುತ್ತಿದ್ದರು. ಈ ಚಿತ್ರದಲ್ಲಿ ದೀಪ ಕಾಣುವುದಿಲ್ಲ. ತಾಯಿ ಮರಿಯ ಬಿಳಿ ಬಟ್ಟೆ ಎತ್ತಿ ಹಿಡಿದಿದ್ದಾಳೆ. ಬೆಳಕು ಮಗುವಿನ ಮೈಯಿಂದಲೇ ಬರುತ್ತದೆ. ಬಗ್ಗಿ ನೋಡುವ ಕುರುಬರ ಮುಖಕ್ಕೆ ಬಿದ್ದು, ಹಿಂದಿನ ಕತ್ತಲಲ್ಲಿ ಕರಗುತ್ತದೆ. ಮಗುವೇ ದೇವರು ಅಂತ ಹೇಳಲು ಅಷ್ಟು ಸಾಕು, ಅಲ್ವಾ?

ನನಗೆ ಆ ಕುರುಬರೇ ಜಾಸ್ತಿ ಇಷ್ಟ. ನಮ್ಮ ಗೌರಿ ಕರು ಹಾಕಿದ ರಾತ್ರಿ ಅಮ್ಮ ಲಾಟೀನು ಹಿಡಿದು ನಿಂತಿದ್ದಳು. ಒದ್ದೆ ಕರು ದರಗಿನ ಮೇಲೆ ನಡುಗುತ್ತಿತ್ತು. ಪಕ್ಕದ ಮನೆಯವರೂ ಬಂದು ಹೀಗೇ ಬಗ್ಗಿ, ಹೀಗೇ ನಕ್ಕಿದ್ದರು. "ಹೆಣ್ಗರು ಕಣೇ!" ಅಂದರು ಅಜ್ಜಿ.